ಹೊರುವ ಬೆನ್ನಿಗೂ ಹಕ್ಕಿದೆ

ಈದ್‌ನ ರಜೆ ಬಂದಿತೆಂದರೆ ಮಂಗಳೂರು, ಪುತ್ತೂರು, ಸುಳ್ಯ, ಹಾಸನ, ಮೈಸೂರುಗಳಿಂದ ಕೊಡಗಿನತ್ತ ಹೊರಡುವ ವಾಹನಗಳಲ್ಲಿ ನಮ್ಮ ಕುಟುಂಬಗಳ ವಾಹನಗಳೇನೂ ಕಡಿಮೆಯಿರುವುದಿಲ್ಲ. ಕೆಲವರು ಎಮ್ಮೆಮಾಡಿನ ಝಿಯಾರತ್ ಮುಗಿಸಿ, ಕೆಲವರು ಮಡಿಕೇರಿಯ ಬಂಧುಗಳ ಮನೆಯಲ್ಲಿ ಊಟ ಮುಗಿಸಿ, ಮಕ್ಕಳನ್ನು ಕರೆದುಕೊಂಡು ಕುಶಾಲನಗರದ ಬಳಿ ಕಾವೇರಿಯ ದಡದಲ್ಲಿರುವ ದುಬಾರೆ ಆನೆ ಶಿಬಿರಕ್ಕೆ ಹೋಗುತ್ತಾರೆ. ಹೋಗುವುದರಲ್ಲಿ ತಪ್ಪಿಲ್ಲ. ಒಂಟೆಯನ್ನು ಹೇಗೆ ಸೃಷ್ಟಿಸಲಾಗಿದೆಯೆಂದು ನೋಡಿ ಚಿಂತಿಸಲು ಕರೆ ನೀಡಿದ ಗ್ರಂಥದ ಅನುಯಾಯಿಗಳು ನಾವು. ಆನೆಯನ್ನು ಕಂಡು ಸೃಷ್ಟಿಕರ್ತನನ್ನು ನೆನೆಯುವ ಮಗು ಅಂದು ಒಂದು ಪಾಠ ಕಲಿತೇ ಮನೆಗೆ ಮರಳುತ್ತದೆ.

ಆದರೆ ಅಂತಹ ಪ್ರವಾಸಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ. ಹೊರೆ ಹೊತ್ತು ದಣಿದ ಪ್ರಾಣಿಯ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದರೆ ಸಾಕು, 'ಪ್ರಾಣಿಗಳನ್ನು ಅಲ್ಲಾಹನು ನಮಗಾಗಿಯೇ ಸೃಷ್ಟಿಸಿದ್ದಾನಲ್ಲವೇ?' ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಧರ್ಮದ ಅರ್ಧ ಮಾತನ್ನು ಹಿಡಿದು ಉಳಿದರ್ಧದ ಹೊಣೆಯಿಂದ ನುಣುಚಿಕೊಳ್ಳುವುದನ್ನು ನಾವು ಈ ಲೇಖನದಲ್ಲಿ ವಿರೋಧಿಸುತ್ತೇವೆ.

ಆ ಮಾತಿನ ಮೂಲವಾದ ವಚನವನ್ನೇ ನೋಡೋಣ. ಸೂರಃ ಅನ್ನಹ್ಲ್‌ನ ಆರಂಭದ ಸೂಕ್ತಗಳಲ್ಲಿ ಜಾನುವಾರುಗಳು ನಮಗೆ ನೀಡುವ ಬೆಚ್ಚನೆಯ ಉಡುಪು, ಆಹಾರ ಮತ್ತಿತರ ಪ್ರಯೋಜನಗಳ ಪ್ರಸ್ತಾಪವಿದೆ. ನಾವು ಬಹಳ ಕಷ್ಟಪಟ್ಟಲ್ಲದೆ ತಲುಪಲಾರದ ಊರುಗಳಿಗೆ ಅವು ನಮ್ಮ ಹೊರೆಗಳನ್ನು ಹೊತ್ತೊಯ್ಯುತ್ತವೆ ಎಂಬುದನ್ನು 7ನೇ ಸೂಕ್ತವು ಒಂದು ಅನುಗ್ರಹವಾಗಿ ನೆನಪಿಸುತ್ತದೆ. ಆ ಸೂಕ್ತವು ಹೇಗೆ ಮುಗಿಯುತ್ತದೆಂಬುದನ್ನು ಗಮನಿಸಿ. ಹೊರೆಯ ಮಾತು ಮುಗಿದೊಡನೆ ಬರುವುದು ನಮ್ಮ ಪ್ರಭುವಿನ ಅನುಕಂಪ ಮತ್ತು ಕರುಣೆಯ ಮಾತು. ಹೊರುವ ಬೆನ್ನು ನಮಗೆ ದೊರೆತದ್ದು ಕರುಣೆಯಿಂದ. ಕರುಣೆಯಿಂದ ದೊರೆತದ್ದನ್ನು ಕ್ರೌರ್ಯದಿಂದ ಬಳಸುವವನು ಆ ಸೂಕ್ತವನ್ನು ಪೂರ್ತಿ ಓದಿದವನಲ್ಲ. ಭೂಮಿಯಲ್ಲಿ ಚಲಿಸುವ ಜೀವಿಗಳೂ ರೆಕ್ಕೆ ಬಿಚ್ಚಿ ಹಾರುವ ಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳೆಂದು ಸೂರಃ ಅಲ್‌ಅನ್‌ಆಮ್‌ನ 38ನೇ ಸೂಕ್ತವು ಸ್ಪಷ್ಟಪಡಿಸುತ್ತದೆ. ಒಂದು ಸಮುದಾಯವನ್ನು ಇನ್ನೊಂದು ಸಮುದಾಯದ ವಶಕ್ಕೆ ಒಪ್ಪಿಸಿದರೆ ಅದು ಅಮಾನತ್. ಅಮಾನತ್‌ಗೆ ಲೆಕ್ಕ ಕೊಡಬೇಕಾಗುತ್ತದೆ.

ಇನ್ನು ಪ್ರವಾದಿವರ್ಯರ(ಸ) ಚರ್ಯೆಯತ್ತ ಬರೋಣ. ಅವರ ಮತ್ತು ಸಹಾಬಿಗಳ ಬದುಕಿನ ಎಷ್ಟೋ ದಿನಗಳು ಪ್ರಯಾಣದಲ್ಲಿ, ಬಯಲಿನ ಬಿಡಾರಗಳಲ್ಲಿ ಕಳೆದವು. ಕಾಡುಮೇಡಿನ ಬಿಡಾರದಲ್ಲಿ ಹೊರೆಯ ಪ್ರಾಣಿಯನ್ನು ಹೇಗೆ ನೋಡಿಕೊಳ್ಳಬೇಕೆಂಬುದಕ್ಕೆ ನಮಗೆ ಬೇರೆ ಮಾದರಿ ಬೇಕಾಗಿಲ್ಲ. ಒಂದು ತಂಗುದಾಣ ತಲುಪಿದಾಗ ಒಂಟೆಗಳ ಬೆನ್ನಿನಿಂದ ಜೀನು, ಹೊರೆಗಳನ್ನು ಇಳಿಸುವ ತನಕ ತಾವು ಐಚ್ಛಿಕ ನಮಾಝ್‌ಗೂ ನಿಲ್ಲುತ್ತಿರಲಿಲ್ಲವೆಂದು ಅನಸ್(ರ) ವರದಿ ಮಾಡಿದ್ದಾರೆ (ಅಬೂದಾವೂದ್). ನಮಾಝ್‌ನ ಮಹತ್ವವನ್ನು ಸಹಾಬಿಗಳಿಗಿಂತ ಚೆನ್ನಾಗಿ ಅರಿತವರು ಯಾರು? ಆದರೂ ಅವರು ಮೊದಲು ಬೆನ್ನಿನ ಭಾರ ಇಳಿಸಿದರು, ಅನಂತರ ಅಲ್ಲಾಹನ ಮುಂದೆ ನಿಂತರು. ಇಂದು ಪ್ರವಾಸಿಗಳ ಸರದಿ ಮುಗಿಯುವ ತನಕ ಜೀನು ಬಿಚ್ಚದೆ ಬಿಸಿಲಲ್ಲಿ ಕುದುರೆಯನ್ನು ನಿಲ್ಲಿಸುವವರು ಈ ಹದೀಸ್‌ಗೆ ಏನು ಉತ್ತರ ಕೊಡುತ್ತಾರೆ?

ಪ್ರಾಣಿಗಳ ಬೆನ್ನನ್ನು ಪೀಠಗಳನ್ನಾಗಿ ಮಾಡಿಕೊಳ್ಳಬಾರದೆಂದು ಪ್ರವಾದಿ(ಸ) ತಡೆದರು (ಅಬೂದಾವೂದ್). ಪ್ರಯಾಣಕ್ಕೆ ಏರಿ, ಅಗತ್ಯ ಮುಗಿದೊಡನೆ ಇಳಿಯಿರಿ, ಸುಮ್ಮನೆ ಕುಳಿತು ಮಾತಾಡಲು ನೆಲವಿದೆ ಎಂಬುದು ಇದರ ತಾತ್ಪರ್ಯ. ಹೊಟ್ಟೆ ಬೆನ್ನಿಗಂಟಿದ ಒಂಟೆಯೊಂದನ್ನು ಕಂಡಾಗ, ಮಾತು ಬಾರದ ಈ ಜೀವಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಬೇಕೆಂದು ಅವರು ಎಚ್ಚರಿಸಿದರು. ಅನ್ಸಾರಿಯೊಬ್ಬರ ತೋಟದಲ್ಲಿ ಕಣ್ಣೀರು ಸುರಿಸಿದ ಒಂಟೆಯ ಪ್ರಸಂಗವನ್ನು ನಮ್ಮ ಮಕ್ಕಳು ಮದ್ರಸದಲ್ಲಿಯೇ ಕೇಳಿರುತ್ತಾರೆ. ಪ್ರವಾದಿ(ಸ) ಅದರ ತಲೆ ಸವರಿ ಸಂತೈಸಿದರು. ಬಳಿಕ ಅದರ ಒಡೆಯನನ್ನು ಕರೆಸಿ, ಹಸಿವಿನಲ್ಲಿಟ್ಟು ದಣಿವಾಗುವಂತೆ ದುಡಿಸುತ್ತಿರುವುದಾಗಿ ಒಂಟೆಯು ದೂರಿದೆಯೆಂದು ತಿಳಿಸಿದರು. ಇಲ್ಲಿ ಎರಡು ಆರೋಪಗಳಿವೆ: ಕಡಿಮೆ ಮೇವು, ಮಿತಿಮೀರಿದ ದುಡಿತ. ಹೊರುವ ಪ್ರಾಣಿಗಳ ವಿಷಯದಲ್ಲಿ ಇಂದಿಗೂ ನಡೆಯುವ ಅನ್ಯಾಯಗಳು ಇವೇ ಎರಡು.

ಹಿಜ್ರಾ 6ನೇ ವರ್ಷದಲ್ಲಿ ಹುದೈಬಿಯಾದ ಬಳಿ ನಡೆದುದನ್ನೂ ನೆನೆಯೋಣ. ಪ್ರವಾದಿವರ್ಯರ(ಸ) ಒಂಟೆ ಖಸ್ವಾ ಇದ್ದಕ್ಕಿದ್ದಂತೆ ಮಂಡಿಯೂರಿತು. ಅದು ಹಠ ಹಿಡಿದಿದೆಯೆಂದು ಜನ ಹೇಳಿದಾಗ ಪ್ರವಾದಿ(ಸ) ಒಪ್ಪಲಿಲ್ಲ. ಹಠ ಅದರ ಸ್ವಭಾವವಲ್ಲ, ಅಂದು ಆನೆಯನ್ನು ತಡೆದವನೇ ಇದನ್ನೂ ತಡೆದಿದ್ದಾನೆಂದು ವಿವರಿಸಿದರು (ಬುಖಾರಿ). ಆ ಆನೆ ಯಾವುದೆಂದು ಸೂರಃ ಅಲ್‌ಫೀಲ್ ಓದಿದವರಿಗೆಲ್ಲ ತಿಳಿದಿದೆ. ಕಅಬಾದ ಮೇಲೆ ದಂಡೆತ್ತಿ ಬಂದ ಅಬ್ರಹನ ಆನೆ ಮುಂದೆ ಹೆಜ್ಜೆಯಿಡಲು ನಿರಾಕರಿಸಿತೆಂದು ಪ್ರವಾದಿ ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಸೇನಾಧಿಪತಿಗೆ ಕಾಣದ ಸತ್ಯ ಆನೆಗೆ ಕಂಡಿತು. ಪ್ರಾಣಿಯೊಂದು ನಿಂತುಬಿಟ್ಟರೆ 'ಹಠಮಾರಿ' ಎಂದು ಕೋಲೆತ್ತುವ ಮೊದಲು ಅದು ಏಕೆ ನಿಂತಿತೆಂದು ಕೇಳುವುದು ಪ್ರವಾದಿಚರ್ಯೆ. ಕಾಲಿನ ಗಾಯವೋ, ಬೆನ್ನಿನ ಹುಣ್ಣೋ, ಬಾಯಾರಿಕೆಯೋ, ಎದುರಿನ ಪೊದೆಯಲ್ಲಿ ಹುಲಿಯ ವಾಸನೆಯೋ, ಅದಕ್ಕೆ ಗೊತ್ತಿರುವುದು ನಮಗೆ ಗೊತ್ತಿಲ್ಲದಿರಬಹುದು.

'ಇವೆಲ್ಲ ಉತ್ತಮ ಗುಣಗಳು, ಪಾಲಿಸಿದರೆ ಒಳ್ಳೆಯದು' ಎಂದು ಹೇಳಿ ಮುಗಿಸುವವರಿದ್ದಾರೆ. ಅವರು ಕರ್ಮಶಾಸ್ತ್ರವನ್ನು ಮರೆತಿದ್ದಾರೆ. ಕೊಡಗಿನ ಮತ್ತು ಕರಾವಳಿಯ ನಮ್ಮಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು. ನಮ್ಮ ಪಳ್ಳಿ ದರ್ಸ್‌ಗಳಲ್ಲಿ ತಲೆಮಾರುಗಳಿಂದ ಓದಿಸಲಾಗುವ ಗ್ರಂಥ ಪೊನ್ನಾನಿಯ ಝೈನುದ್ದೀನ್ ಮಖ್ದೂಂ ರಚಿಸಿದ 'ಫತ್‌ಹುಲ್ ಮುಈನ್'. ಪತ್ನಿ, ಮಕ್ಕಳು, ತಂದೆತಾಯಿಯರ ಜೀವನಾಂಶವನ್ನು ವಿವರಿಸುವ ಅಧ್ಯಾಯದಲ್ಲಿಯೇ ಅದು ಸಾಕುಪ್ರಾಣಿಯ ಮೇವು, ನೀರನ್ನೂ ಒಡೆಯನ ಮೇಲೆ ವಾಜಿಬ್ ಎಂದು ವಿಧಿಸುತ್ತದೆ. ಮೇಯಲು ಬಿಟ್ಟರೆ ಹೊಟ್ಟೆ ತುಂಬುವುದಾದರೆ ಬಿಟ್ಟರೂ ಸಾಕು. ತುಂಬದಿದ್ದರೆ ತಂದು ಹಾಕಲೇಬೇಕು. ಇಮಾಂ ನವವಿಯವರ 'ಮಿನ್‌ಹಾಜ್' ಇನ್ನೂ ಮುಂದೆ ಹೋಗುತ್ತದೆ. ಒಡೆಯನು ಮೇವು ನೀಡಲು ನಿರಾಕರಿಸಿದರೆ ಅಧಿಕಾರಿಯು ಅವನನ್ನು ಬಲವಂತಪಡಿಸಬೇಕು. ತಿನ್ನಲು ಅನುಮತಿಯಿಲ್ಲದ ಪ್ರಾಣಿಯಾದರೆ ಅವನ ಮುಂದಿರುವುದು ಎರಡೇ ದಾರಿ, ಮೇವು ನೀಡುವುದು ಅಥವಾ ಮಾರಿಬಿಡುವುದು. ಜೇನು ತೆಗೆಯುವವನು, ಬೇರೆ ಆಹಾರವಿಲ್ಲದಿದ್ದರೆ, ಗೂಡಿನಲ್ಲಿ ನೊಣಗಳಿಗೆಂದು ಒಂದಿಷ್ಟು ಜೇನನ್ನು ಉಳಿಸಬೇಕೆಂದು ನಮ್ಮ ಕರ್ಮಶಾಸ್ತ್ರಜ್ಞರು ಬರೆದಿಟ್ಟಿದ್ದಾರೆ. ಜೇನಿಗೆ ಹೆಸರಾದ ಕೊಡಗಿನಲ್ಲಿ ಈ ವಿಧಿಯನ್ನು ಎಷ್ಟು ಮಂದಿ ಕೇಳಿದ್ದಾರೆ?

ಹಿಜ್ರಾ 660ರಲ್ಲಿ ನಿಧನರಾದ ಮಹಾನ್ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಬಿನ್ ಅಬ್ದಿಸ್ಸಲಾಂ ಅವರು ಪ್ರಾಣಿಗಳಿಗೆ ಮನುಷ್ಯನ ಮೇಲಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ವಯಸ್ಸಾಗಿ ಅಥವಾ ಕಾಯಿಲೆ ಬಿದ್ದು ಇನ್ನು ಯಾವ ಪ್ರಯೋಜನಕ್ಕೂ ಬಾರದ ಸ್ಥಿತಿ ತಲುಪಿದರೂ ಅದರ ಪೋಷಣೆಯ ವೆಚ್ಚ ಒಡೆಯನದೇ. ತಾಳಲಾರದ ಹೊರೆ ಹೊರಿಸಬಾರದು. ಅದಕ್ಕೆ ಹಾನಿ ಮಾಡುವ ಪ್ರಾಣಿಗಳ ಜೊತೆ ಅದನ್ನು ಕೂಡಿಹಾಕಬಾರದು. ನಾವು 'ಹಕ್ಕು' ಎಂದು ಕರೆಯುತ್ತಿರುವುದು ಇವನ್ನೇ. ಪಶ್ಚಿಮದಿಂದ ಎರವಲು ತಂದ ಘೋಷಣೆ ಇದಲ್ಲ. 700ಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ಉಲಮಾಗಳೇ ಬಳಸಿದ ಪದ.

ಕೊಡಗಿಗೆ ಹೊರೆಯ ಪ್ರಾಣಿ ಹೊಸದಲ್ಲ. ಘಟ್ಟದ ರಸ್ತೆಗಳು ಆಗುವ ಮೊದಲು ಈ ನಾಡಿನ ಅಕ್ಕಿ ಮಲಬಾರಿಗೆ ಇಳಿದದ್ದೂ, ಮಲಬಾರಿನ ಉಪ್ಪು ಇಲ್ಲಿಗೆ ಏರಿದ್ದೂ ಹೇರೆತ್ತುಗಳ ಬೆನ್ನಿನ ಮೇಲೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾಟಿ ಕಣ್ಣೂರಿನ ಕಡೆಗೆ ಇಳಿಯುವ ಹಾದಿಯಲ್ಲಿ ಇಂದು ಬಸ್ಸಿನಲ್ಲಿ ಕುಳಿತವರಿಗೆ ಆ ಏರಿನ ಕಷ್ಟ ತಿಳಿಯದು. ಹೇರು ಕಟ್ಟುವವನಿಗೆ ಎರಡು ಬದಿಯ ಭಾರ ಸಮನಾಗಿರಬೇಕೆಂಬುದು ಗೊತ್ತಿರಬೇಕಿತ್ತು. ಬೆನ್ನು ಹುಣ್ಣಾದ ಎತ್ತು ಮರುದಿನ ನಡೆಯದು, ಎತ್ತು ನಡೆಯದಿದ್ದರೆ ಮನೆಯ ಒಲೆ ಉರಿಯದು. ಹೀಗೆ ಅಂದಿನ ಅಗತ್ಯವೇ ಪ್ರಾಣಿಗೆ ಒಂದು ರಕ್ಷಣೆಯಾಗಿತ್ತು. ಇಂದು ಲಾರಿ, ಜೀಪುಗಳು ಹೊರೆ ಹೊರುತ್ತವೆ. ಪ್ರಾಣಿಯ ಬೆನ್ನಿಗೆ ಉಳಿದಿರುವುದು ಹೆಚ್ಚಾಗಿ ಮೋಜಿನ ಹೊರೆ. ಮೋಜಿಗೆ ಮಿತಿ ಹಾಕುವವರು ಯಾರು?

ಮೋಜು ಹರಾಮ್ ಎಂದು ನಾವು ಹೇಳುತ್ತಿಲ್ಲ. ಕುದುರೆ, ಹೇಸರಗತ್ತೆ, ಕತ್ತೆಗಳು ಸವಾರಿಗೂ ಅಲಂಕಾರಕ್ಕೂ ಇವೆಯೆಂದು ಅನ್ನಹ್ಲ್‌ನ 8ನೇ ಸೂಕ್ತವೇ ತಿಳಿಸುತ್ತದೆ. ಆದರೆ ಅಗತ್ಯಕ್ಕಾಗಿ ಹೊರಿಸುವುದಕ್ಕೂ ಇಷ್ಟೊಂದು ನಿಯಮಗಳಿರುವಾಗ, ಹತ್ತು ನಿಮಿಷದ ಸಂತೋಷಕ್ಕಾಗಿ, ಒಂದು ಫೋಟೋಗಾಗಿ ಹೊರಿಸುವುದಕ್ಕೆ ನಿಯಮ ಇನ್ನಷ್ಟು ಬಿಗಿಯಾಗಬೇಕೇ ಹೊರತು ಸಡಿಲವಾಗುವುದಲ್ಲ.

ದುಬಾರೆ ಮತ್ತು ನಾಗರಹೊಳೆಯ ಅಂಚಿನ ಮತ್ತಿಗೋಡು ಶಿಬಿರಗಳನ್ನು ನೋಡಿದವರಿಗೆ ಒಂದು ವಿಷಯ ತಿಳಿದಿದೆ. ಇಲ್ಲಿನ ಆನೆಗಳು ಹಿಂದೆ ಮರದ ದಿಮ್ಮಿಗಳನ್ನು ಎಳೆದವು. ಮರ ಕಡಿಯುವ ಕೆಲಸ ನಿಂತ ಬಳಿಕವೂ ಅವುಗಳ ದುಡಿಮೆ ನಿಲ್ಲಲಿಲ್ಲ. ಸಿದ್ದಾಪುರ, ವಿರಾಜಪೇಟೆಯ ಕಾಫಿ ತೋಟಗಳಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯುವಾಗ ಮುಂದೆ ನಿಲ್ಲುವುದು ಇವೇ ಆನೆಗಳು. ಮೈಸೂರು ದಸರೆಗೆ ಹೋಗುವುದೂ ಇವೇ. 2020ರಿಂದ ಸುಮಾರು 750 ಕೆ.ಜಿ. ತೂಕದ ಅಂಬಾರಿಯನ್ನು ಹೊರುತ್ತಿರುವ ಅಭಿಮನ್ಯು ಮತ್ತಿಗೋಡಿನವನು. ಅವನಿಗೆ ಮೊದಲು 2012ರಿಂದ 2019ರವರೆಗೆ ಎಂಟು ಬಾರಿ ಅದನ್ನು ಹೊತ್ತ ಅರ್ಜುನ 60 ವರ್ಷ ದಾಟಿದನೆಂದು ಆ ಹೊರೆಯಿಂದ ಬಿಡುಗಡೆ ಹೊಂದಿದ. ಆದರೆ 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾದಾಡುತ್ತಲೇ ಪ್ರಾಣಬಿಟ್ಟ. ನಾಡಿನ ಎಲ್ಲ ಧರ್ಮದವರೂ ಅಂದು ಮರುಗಿದರು. ಭಾರ ಹೊರಲಾಗದ ವಯಸ್ಸಿನ ಜೀವವನ್ನು ಅದಕ್ಕಿಂತ ಅಪಾಯದ ಕೆಲಸಕ್ಕೆ ಹಚ್ಚುವುದು ವಿಶ್ರಾಂತಿಯಲ್ಲ. ಇಝ್ಝುದ್ದೀನರ ಮಾತಿನ ಮುಂದೆ ಇದನ್ನಿಟ್ಟು ನೋಡಿದರೆ ನಮ್ಮ ಕಾಲದ ಕೊರತೆ ತಿಳಿಯುತ್ತದೆ.

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ: 'ಆನೆ ಸರಕಾರದ್ದು, ನಮ್ಮದಲ್ಲ. ನಮ್ಮ ಮೇಲೆ ಹೊಣೆಯೇನಿದೆ?' ಒಡೆತನದ ಹೊಣೆ ಇಲ್ಲ, ನಿಜ. ಆದರೆ ಟಿಕೆಟ್ ಕೊಂಡು ಅದರ ಬೆನ್ನಿನಿಂದ ಪ್ರಯೋಜನ ಪಡೆದವನು ಒಡೆಯನಲ್ಲದಿದ್ದರೂ ಬಳಕೆದಾರ. ಬಾಡಿಗೆಗೆ ಪಡೆದ ಪ್ರಾಣಿಯ ಮೇಲೆ ಒಪ್ಪಂದಕ್ಕಿಂತ ಹೆಚ್ಚು ಭಾರ ಹೇರಿದವನು ಹೊಣೆಗಾರನೆಂದು ಫಿಕ್‌ಹ್ ತೀರ್ಪು ಕೊಡುತ್ತದೆ. ಅನ್ಸಾರಿಯ ಒಂಟೆಯೂ ಪ್ರವಾದಿವರ್ಯರದಾಗಿರಲಿಲ್ಲ. ಆದರೂ ಅವರು ದಾಟಿಹೋಗಲಿಲ್ಲ, ಒಡೆಯನನ್ನು ಕರೆಸಿ ಕೇಳಿದರು.

ಇನ್ನು ಕೆಲವರದು ಇದಕ್ಕೆ ವಿರುದ್ಧವಾದ ವಾದ: ಶಿಬಿರಗಳನ್ನೇ ಮುಚ್ಚಿ, ಎಲ್ಲ ಪ್ರಾಣಿಗಳನ್ನೂ ಬಿಟ್ಟುಬಿಡಿ. ಸುಲಭವಾಗಿ ಹೇಳಬಹುದಾದ ಮಾತಿದು. ದಶಕಗಳಿಂದ ಮನುಷ್ಯರ ಕೈಯಲ್ಲಿ ಬೆಳೆದ ಆನೆಯನ್ನು, ತೋಟಕ್ಕೆ ನುಗ್ಗಿ ಜನರನ್ನು ಕೊಂದನೆಂದು ಹಿಡಿದು ತಂದ ಸಲಗವನ್ನು ನಾಳೆಯೇ ಎಲ್ಲಿಗೆ ಬಿಡುವುದು? ತಂದೆಯಿಂದ ಮಗನಿಗೆ ಈ ವಿದ್ಯೆಯನ್ನು ದಾಟಿಸುತ್ತ ಬಂದ ಜೇನುಕುರುಬ ಮಾವುತ, ಕಾವಾಡಿಗಳ ಕುಟುಂಬಗಳು ಏನು ಮಾಡಬೇಕು? ಬೆಕ್ಕನ್ನು ಕಟ್ಟಿಹಾಕಿ ಕೊಂದ ಸ್ತ್ರೀಯ ಹದೀಸ್ ಇಲ್ಲಿ ದಾರಿ ತೋರಿಸುತ್ತದೆ (ಬುಖಾರಿ). ಅವಳು ಶಿಕ್ಷೆಗೆ ಗುರಿಯಾದದ್ದು ಬೆಕ್ಕು ಸಾಕಿದ್ದಕ್ಕಲ್ಲ. ತಾನೂ ಉಣಿಸಲಿಲ್ಲ, ನೆಲದ ಮೇಲಿನದನ್ನು ತಿಂದು ಬದುಕಲು ಬಿಡಲೂ ಇಲ್ಲ ಎಂಬುದಕ್ಕೆ. ಕಟ್ಟಿದರೆ ಉಣಿಸು, ಉಣಿಸಲಾಗದಿದ್ದರೆ ಬಿಡು. ನಮ್ಮ ಕಾಡಿನ ಶಿಬಿರಗಳ ಹಳೆಯ ಪದ್ಧತಿ ಈ ಎರಡನ್ನೂ ಜೋಡಿಸಿದೆ. ರಾಗಿ, ಹುರುಳಿಯ ಮುದ್ದೆ, ಬೆಲ್ಲ, ಹುಲ್ಲು ನೀಡುವುದರ ಜೊತೆಗೆ ಆನೆಗಳನ್ನು ಕಾಡಿಗೆ ಮೇಯಲು ಬಿಡುತ್ತಾರೆ. ಬೆಳಗಾದಾಗ ಮಾವುತರು ಸರಪಳಿಯ ಜಾಡು ಹಿಡಿದು ಹೋಗಿ ಕರೆತರುತ್ತಾರೆ. ದಿನಕ್ಕೆ ಸುಮಾರು 150 ಕೆ.ಜಿ. ಮೇವು ಬೇಕಾಗುವ ದೇಹಕ್ಕೆ ಈ ಮೇಯುವಿಕೆ ಔದಾರ್ಯವಲ್ಲ, ಅನ್ನ. ಪ್ರವಾಸಿಗಳ ವೇಳಾಪಟ್ಟಿ ಈ ಹೊತ್ತನ್ನು ಕಸಿಯದಂತೆ ಕಾಯುವುದೇ ಶಿಬಿರದ ಮೊದಲ ಧರ್ಮ. ನಾವು ಬಯಸುವುದು ಮುಚ್ಚಿದ ಶಿಬಿರವನ್ನಲ್ಲ, ನ್ಯಾಯದ ಶಿಬಿರವನ್ನು.

'ಮನುಷ್ಯರೇ ಕಷ್ಟದಲ್ಲಿರುವಾಗ ಪ್ರಾಣಿಗಳ ಮಾತೇಕೆ?' ಎಂಬುದು ಮೂರನೆಯ ಆಕ್ಷೇಪ. ಆನೆ ದಾಳಿಯಲ್ಲಿ ತೋಟದ ಕಾರ್ಮಿಕರನ್ನು ಕಳೆದುಕೊಂಡ ಕುಟುಂಬಗಳ ನೋವು ಕೊಡಗಿನಲ್ಲಿ ಯಾರಿಗೂ ಅಪರಿಚಿತವಲ್ಲ. ಆದರೆ ಕರುಣೆ ಬಾವಿಯ ನೀರಿನಂತೆ, ಸೇದಿದಷ್ಟೂ ಒಸರುತ್ತದೆ. ಬಾಯಾರಿದ ನಾಯಿಗೆ ನೀರುಣಿಸಿದವನಿಗೆ ಪಾಪವಿಮೋಚನೆ ದೊರೆತುದನ್ನು ಕೇಳಿ ಸಹಾಬಿಗಳೂ ಅಚ್ಚರಿಪಟ್ಟಿದ್ದರು. ಜೀವವಿರುವ ಪ್ರತಿಯೊಂದರ ವಿಷಯದಲ್ಲೂ ಪ್ರತಿಫಲವಿದೆಯೆಂಬುದೇ ಅವರಿಗೆ ದೊರೆತ ಉತ್ತರ. ಅಲ್ಲದೆ ಆನೆಯ ನೆಮ್ಮದಿಯೂ ಮಾವುತನ ನೆಮ್ಮದಿಯೂ ಬೇರೆಯಲ್ಲ. ದಣಿದ, ಹಸಿದ, ಕೆರಳಿದ ಆನೆ ಮೊದಲು ಎರಗುವುದು ತನ್ನ ಕಾಲಬುಡದಲ್ಲಿ ನಿಂತ ಬಡವನ ಮೇಲೆ.

ನಮ್ಮವರಲ್ಲಿಯೂ ಹೋಂಸ್ಟೇ, ರೆಸಾರ್ಟ್, ಚಾರಣ ಶಿಬಿರಗಳನ್ನು ನಡೆಸುವವರಿದ್ದಾರೆ. ಅತಿಥಿಗಳ ಸವಾರಿಗೆ ಕುದುರೆ, ತಟ್ಟುಗಳನ್ನು, ಸಾಮಾನು ಸಾಗಿಸಲು ಕತ್ತೆ, ಎತ್ತುಗಳನ್ನು ಇಟ್ಟುಕೊಳ್ಳುವವರಿಗೆ ನಾವು ನೇರವಾಗಿ ಹೇಳಬಯಸುತ್ತೇವೆ. ದೇಶದ ಕಾನೂನು ಒಂದು ಕನಿಷ್ಠ ಗೆರೆ ಎಳೆದಿದೆ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯುವ 1965ರ ನಿಯಮಗಳ ಪ್ರಕಾರ ಕತ್ತೆಯ ಬೆನ್ನಿಗೆ 50 ಕೆ.ಜಿ., ತಟ್ಟುವಿಗೆ 70 ಕೆ.ಜಿ., ಹೇಸರಗತ್ತೆಗೆ 200 ಕೆ.ಜಿ., ಸಣ್ಣ ಎತ್ತಿಗೆ 100 ಕೆ.ಜಿ. ಗರಿಷ್ಠ ಹೊರೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ತಟ್ಟುವಿನ ಹೊರೆಗೆ 70 ಕೆ.ಜಿ. ಮಿತಿಯಿರುವಾಗ, ತುಂಬಿದ ಮೈಯ ಗಂಡಸನ್ನು ಜೀನು ಸಮೇತ ಅದೇ ಬೆನ್ನಿಗೆ ಹತ್ತಿಸಿ ಕೊಡಗಿನ ಏರು ಹತ್ತಿಸುವವನು ಲೆಕ್ಕ ಹಾಕಿದ್ದಾನೆಯೇ?

ಕಾನೂನಿನ ದಂಡಕ್ಕೆ ಹೆದರಿ ನಡೆಯಿರೆಂದು ನಾವು ಹೇಳುವುದಿಲ್ಲ. ಏಕೆಂದರೆ ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆ ಮೊದಲ ಅಪರಾಧಕ್ಕೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ. ಒಂದು ಸವಾರಿಯ ಸಂಪಾದನೆಗಿಂತಲೂ ಕಡಿಮೆ! ವಿಶ್ವಾಸಿಯನ್ನು ತಡೆಯಬೇಕಾದದ್ದು ಆ 50 ರೂಪಾಯಿಯಲ್ಲ, ಪರಲೋಕದ ವಿಚಾರಣೆ.

ಕೊಡಗಿನ ಮಳೆಯಲ್ಲಿ ಕೆಸರಲ್ಲೇ ನಿಂತ ಗೊರಸು ಕೊಳೆಯುತ್ತದೆ. ಒಣ ನೆಲ, ಸೂರು ಇಲ್ಲದವನು ಪ್ರಾಣಿ ಸಾಕಬಾರದು. ಪ್ರತಿದಿನ ಜೀನು ಬಿಚ್ಚಿದೊಡನೆ ಬೆನ್ನನ್ನೂ ಗೊರಸನ್ನೂ ಕೈಯಿಂದ ಮುಟ್ಟಿ ನೋಡಬೇಕು. ಹುಣ್ಣು ಕಂಡರೆ ಮಾಯುವ ತನಕ ಹೊರೆ ನಿಲ್ಲಬೇಕು. ಜಾನುವಾರುಗಳ ಮೇಲೆ ಹುಲಿ ಎರಗುವ ದಕ್ಷಿಣ ಕೊಡಗಿನಲ್ಲಿ ರಾತ್ರಿ ಬಯಲಲ್ಲಿ ಕಟ್ಟಿಹಾಕುವುದು ಅದನ್ನು ಕೊಲೆಗೆ ಒಪ್ಪಿಸಿದಂತೆ. ರೋಗದ ದನ, ಎತ್ತುಗಳನ್ನು ಕಾಡಿನಂಚಿಗೆ ಮೇಯಲು ಅಟ್ಟಿದರೆ ಕಾಲುಬಾಯಿ ರೋಗ ಕಾಟಿಗಳಿಗೂ ಹರಡಬಹುದು. ಆದುದರಿಂದ ಲಸಿಕೆಯೂ ಅಮಾನತ್‌ನ ಭಾಗ. ಮುಖಕ್ಕೆ ಹೊಡೆಯುವುದನ್ನೂ ಬರೆ ಹಾಕುವುದನ್ನೂ ಪ್ರವಾದಿ(ಸ) ನಿಷೇಧಿಸಿದ್ದಾರೆ (ಮುಸ್ಲಿಂ). ಮತ್ತು ಪ್ರಾಣಿ ಮುದಿಯಾದಾಗ ರಸ್ತೆಗೆ ಅಟ್ಟುವುದು ಉಂಡ ಮನೆಗೆ ಎರಡು ಬಗೆದಂತೆ. ಇವಿಷ್ಟಕ್ಕೆ ಆದಾಯ ಸಾಲದೆಂದಾದರೆ ಆ ವ್ಯಾಪಾರ ಬೇಡ. ಮೂಕ ಜೀವದ ಹಕ್ಕನ್ನು ಕಡಿದು ಉಳಿಸಿದ ಹಣದಲ್ಲಿ ಬರ್ಕತ್ ಎಲ್ಲಿಂದ ಬರಬೇಕು?

ಸಂದರ್ಶಕರಾಗಿ ಹೋಗುವ ಕುಟುಂಬಗಳೂ ತಮ್ಮ ಪಾಲಿನದನ್ನು ಮಾಡಬೇಕು. ಗಾಯವಿರುವ, ಕುಂಟುವ ಪ್ರಾಣಿಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ಹಣ ಕೊಟ್ಟಾಗಿದೆ ಎಂಬುದು ಕಾರಣವಲ್ಲ. ಮನಬಂದದ್ದನ್ನು ತಿನ್ನಿಸಬೇಡಿ, ಪ್ಲಾಸ್ಟಿಕ್ ಎಸೆಯಬೇಡಿ. ದೂರದಿಂದ ನೋಡುವುದೂ ನೋಡುವುದೇ ಎಂದು ಮಕ್ಕಳಿಗೆ ಕಲಿಸಿ. ಹಿಂಸೆ ಕಂಡರೆ ಸಭ್ಯವಾಗಿ ಕೇಳಿ, ಅಧಿಕಾರಿಗಳಿಗೆ ತಿಳಿಸಿ. ಮಹಲ್ಲಿನ ಖತೀಬರು ಪ್ರವಾಸದ ಋತುವಿನ ಒಂದು ಜುಮುಅದಲ್ಲಾದರೂ ಈ ವಿಷಯ ಎತ್ತಲಿ. ಮದ್ರಸದ ಉಸ್ತಾದರು ಫಿಕ್‌ಹ್‌ನ ಪ್ರಾಣಿ ಪೋಷಣೆಯ ಪಾಠವನ್ನು ಪರೀಕ್ಷೆಗಾಗಿ ಮಾತ್ರವಲ್ಲ, ಬದುಕಿಗಾಗಿ ಕಲಿಸಲಿ.

ಅಬುದ್ದರ್ದಾಅ್(ರ) ಅವರು ಮರಣಶಯ್ಯೆಯಲ್ಲಿ ತಮ್ಮ ಒಂಟೆಯನ್ನು ಉದ್ದೇಶಿಸಿ, ಪ್ರಭುವಿನ ಮುಂದೆ ತಮ್ಮ ವಿರುದ್ಧ ದೂರು ಹೇಳಬಾರದೆಂದೂ, ಅದರ ಶಕ್ತಿಗೆ ಮೀರಿದ ಹೊರೆಯನ್ನು ತಾವೆಂದೂ ಹೊರಿಸಿಲ್ಲವೆಂದೂ ಹೇಳಿಕೊಂಡದ್ದನ್ನು ಇಮಾಂ ಗಝ್ಝಾಲಿ ದಾಖಲಿಸಿದ್ದಾರೆ. ಸ್ವರ್ಗದ ನಿರೀಕ್ಷೆಯಲ್ಲಿದ್ದ ಸಹಾಬಿಗೆ ಕೊನೆಯ ಗಳಿಗೆಯಲ್ಲಿ ಒಂದು ಒಂಟೆಯ ಸಾಕ್ಷ್ಯದ ಚಿಂತೆಯಿತ್ತು. ದಾಖಲೆ, ರಶೀದಿ, ಟಿಕೆಟ್‌ಗಳಾವುವೂ ನಡೆಯದ ಆ ನ್ಯಾಯಾಲಯದಲ್ಲಿ ಮೂಕ ಜೀವಿಗಳಿಗೆ ಮಾತು ಬರುತ್ತದೆ. ಅವು ನಮ್ಮ ಪರವಾಗಿ ಮಾತಾಡುವಂತೆ ಬದುಕಲು ಅಲ್ಲಾಹನು ನಮ್ಮೆಲ್ಲರಿಗೆ ತೌಫೀಕ್ ನೀಡಲಿ. ಆಮೀನ್.